ಒನೋಫ್ರಿಯೊ ಕೀಳದೆ ಬಿಟ್ಟ ಹೂಗಳು

ಸಲೀನಾ ದ್ವೀಪದಲ್ಲಿ ಯಾರನ್ನೂ ಸೋಮಾರಿ ಎಂದು ಬಾಯಿಬಿಟ್ಟು ಬೈಯುವ ಪದ್ಧತಿ ಇಲ್ಲ. ‘ಅವರ ತೋಟದಲ್ಲಿ ಹೂ ಬಿಟ್ಟಿದೆಯಂತೆ’ ಎಂದರೆ ಸಾಕು. ಕೇಳಿದವರು ಲೊಚಗುಟ್ಟಿ, ಆ ಮನೆಯ ಹೆಂಗಸರ ಬಗ್ಗೆ ಒಂದಿಷ್ಟು ಕನಿಕರಪಟ್ಟು, ಶಿಲುಬೆಯ ಗುರುತು ಮಾಡಿಕೊಂಡು ಮುಂದೆ ಹೋಗುತ್ತಾರೆ.

ಅಲ್ಲಿಯ ಬದುಕು ನಿಂತಿರುವುದೇ ಕೇಪರ್ ಗಿಡದ ಮೇಲೆ. ಕೇಪರ್ ಅಂದರೆ ಮೊಗ್ಗು. ಕಡಲೆಕಾಳಿನಷ್ಟು ದಪ್ಪವಾಗುವ ಮೊದಲೇ ಕಿತ್ತು ಉಪ್ಪಿಗೆ ಹಾಕಬೇಕು. ಒಂದು ಗಿಡದ ಮುಂದೆ ಎಂಟು ದಿನಕ್ಕೊಮ್ಮೆ ಬಗ್ಗದಿದ್ದರೆ ಅದು ಅರಳಿಬಿಡುತ್ತದೆ. ಅರಳಿದ್ದನ್ನು ಯಾರೂ ಉಪ್ಪಿಗೆ ಹಾಕುವುದಿಲ್ಲ. ಆದ್ದರಿಂದ ಮೇ ತಿಂಗಳಿಂದ ಆಗಸ್ಟಿನವರೆಗೆ ಇಡೀ ದ್ವೀಪ ಸೊಂಟ ಬಗ್ಗಿಸಿಯೇ ಇರುತ್ತದೆ, ಪ್ರಾರ್ಥನೆಗೆ ಬಗ್ಗಿದ್ದಾರೇನೋ ಎಂದು ದೂರದ ಹಡಗಿನವರಿಗೆ ಅನ್ನಿಸುವ ಹಾಗೆ.

ಅಗತೀನಾ ನಲವತ್ತು ವರ್ಷ ಹೀಗೆ ಬಗ್ಗಿದವಳು. ಈಗ ಅವಳಿಗೆ ಅರವತ್ತೊಂದು. ಅವಳ ಪಾಲಿನ ಏಳು ಹಂತದ ಇಳಿಜಾರಿನಲ್ಲಿ ಇಷ್ಟು ವರ್ಷದಲ್ಲಿ ಅರಳಿದ್ದು ಒಟ್ಟು ನಾಲ್ಕೇ ಹೂ, ಅದೂ ಮಗಳು ಮಿಮ್ಮಾಳನ್ನು ಹೆತ್ತ ವಾರ. ಆ ನಾಲ್ಕು ಹೂಗಳ ವಿಚಾರವನ್ನು ಅವಳ ಅತ್ತೆ ಸಾಯುವ ತನಕ ಬಿಡಲಿಲ್ಲ. ‘ಹೆರಿಗೆ ಅಂದ್ರೆ ಏನಮ್ಮ, ಮಧ್ಯಾಹ್ನದ ಹೊತ್ತಿಗೆ ಮುಗಿದಿತ್ತಲ್ಲ’ ಎನ್ನುತ್ತಿದ್ದಳು ಪುಣ್ಯಾತ್ಗಿತ್ತಿ.

ಸೊಂಟದೆತ್ತರದ ಕಲ್ಲುಗೋಡೆಯ ಆಚೆ ಅವಳ ಮೈದುನ ಒನೋಫ್ರಿಯೊನ ಪಾಲು. ಅವನಿಗೂ ಏಳು ಹಂತ. ಅದೇ ಮಣ್ಣು, ಅದೇ ಬಿಸಿಲು, ಮಾವ ಒಂದೇ ದಿನ ನೆಟ್ಟ ಗಿಡಗಳು. ಅಗತೀನಾಳ ಕಡೆ ಹಸಿರು ಬಿಟ್ಟರೆ ಇನ್ನೊಂದು ಬಣ್ಣವಿಲ್ಲ. ಒನೋಫ್ರಿಯೊನ ಕಡೆ ಜೂನ್ ಬಂತೆಂದರೆ ಮದುವೆ ಚಪ್ಪರ. ಅಗಲವಾದ ಬಿಳಿ ಎಸಳು, ನಡುವೆ ನೇರಳೆ ಬಣ್ಣದ ಎಳೆಗಳ ಕುಚ್ಚು, ಮೇಲಿನ ಹಂತದಿಂದ ಸಮುದ್ರದ ದಂಡೆಯವರೆಗೂ ಅದೇ. ಅವನ ಮದುವೆ ಮುರಿದದ್ದೂ ಇದರಿಂದಲೇ. ಪಕ್ಕದ ಲೀಪರಿ ದ್ವೀಪದಿಂದ ಹೆಣ್ಣಿನ ತಾಯಿ ಮನೆ ನೋಡಲು ಬಂದವಳು ಗೋಡೆಯ ಪಕ್ಕ ನಿಂತು ಒಂದು ನೋಟ ನೋಡಿದಳು. ಕೊಟ್ಟ ವೈನನ್ನೂ ಕುಡಿಯದೆ ಮಧ್ಯಾಹ್ನದ ಹಡಗಿಗೇ ವಾಪಸು ಹೋದಳು.

ಐವತ್ತನಾಲ್ಕಾದರೂ ಒನೋಫ್ರಿಯೊನ ಬಳಿ ಕಾರಣಗಳಿಗೆ ಬರ ಬಂದಿರಲಿಲ್ಲ.

“ಇವತ್ತು ಏನು ವಿಶೇಷ?” ಎಂದು ಅಗತೀನಾ ಬಗ್ಗಿದಲ್ಲಿಂದಲೇ ಕೇಳುತ್ತಿದ್ದಳು.

“ಬೆನ್ನು, ಅತ್ತಿಗೆ.”

“ನಿನ್ನೆ ಆಫ್ರಿಕಾದ ಗಾಳಿ ಅಂದಿದ್ದೆ.”

“ಆ ಗಾಳಿ ಹೊಕ್ಕಿದ್ದೇ ಬೆನ್ನಿಗೆ.”

“ಹಾಗಾದ್ರೆ ಮಲಕ್ಕೊ ಮಾರಾಯ. ಬೆನ್ನು ಸವೆದುಹೋದೀತು. ಹೊಸದಾಗೇ ಇದೆ, ಒಂದಿನಾನೂ ಬಳಸಿಲ್ಲ.”

ಆ ವರ್ಷ ಜೂನ್ ಮೊದಲ ವಾರ ಮಿಮ್ಮಾಳ ಅತಿಥಿಗೃಹಕ್ಕೆ ಮಿಲಾನಿನಿಂದ ಲುದೊವೀಕಾ ಎಂಬ ಹೆಂಗಸು ಬಂದು ಇಳಿದಳು. ಹೂಗಿಡಗಳ ಬಗ್ಗೆ ಒಂದು ಪತ್ರಿಕೆಗೆ ಬರೆಯುವವಳು. ಚಕ್ಕಡಿ ಗಾಲಿಯಷ್ಟು ಅಗಲದ ಟೋಪಿ, ಕುತ್ತಿಗೆಗೆ ಭೂತಗನ್ನಡಿ. ಬಂದ ದಿನವೇ ಮಿಮ್ಮಾಳ ಕಿಟಕಿಯ ಜೆರೇನಿಯಂ ಕುಂಡಗಳನ್ನು ನೋಡಿ ‘ಅಯ್ಯೋ, ಎಷ್ಟು ಪ್ರಾಮಾಣಿಕ ಕೆಂಪು!’ ಎಂದಳಂತೆ. ಮಿಮ್ಮಾಗೆ ಅರ್ಥವಾಗಲಿಲ್ಲ, ಆದರೂ ಬೆಳಗಿನ ತಿಂಡಿಗೆ ಇನ್ನೊಂದು ಬನ್ನು ಜಾಸ್ತಿ ಇಟ್ಟಳು.

ಮರುದಿನ ಬೆಳಿಗ್ಗೆ ಆರೂವರೆಗೆ ಆಕೆ ತೋಟದ ದಾರಿಯಲ್ಲಿ ಬಂದಳು. ಅಗತೀನಾ ನಾಲ್ಕನೆಯ ಹಂತದಲ್ಲಿ ಮೊಗ್ಗು ಬಿಡಿಸುತ್ತಿದ್ದಳು. ಹೆಂಗಸು ಅವಳನ್ನು ಕಲ್ಲುಬಂಡೆಯನ್ನು ದಾಟುವಂತೆ ದಾಟಿ, ಗೋಡೆಯ ಹತ್ತಿರ ನಿಂತು, ಎರಡೂ ಕೈ ಎದೆಗೊತ್ತಿಕೊಂಡಳು.

“ಇದನ್ನೆಲ್ಲ ಬೆಳೆಸಿದವರು ಯಾರು?”

ಸೆಕೆಯೆಂದು ರಾತ್ರಿಯೆಲ್ಲ ಅಂಜೂರದ ಮರದ ಕೆಳಗೇ ಮಲಗಿದ್ದ ಒನೋಫ್ರಿಯೊ ಒಂದು ಕಣ್ಣು ತೆರೆದ. ಸಾಲಗಾರರಲ್ಲ, ಸರ್ಕಾರದವರಲ್ಲ ಎಂದು ಖಚಿತವಾದ ಮೇಲೆ ಇನ್ನೊಂದನ್ನೂ ತೆರೆದ.

“ಅದರ ಪಾಡಿಗೆ ಅದು ಬೆಳೀತು ಸಿಗ್ನೋರಾ. ನಾನು ಅಡ್ಡ ಹೋಗಲಿಲ್ಲ, ಅಷ್ಟೆ.”

ಅವನು ಹುಟ್ಟಿದಾರಭ್ಯ ಆಡಿದ ನಿಜಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡಬಹುದು. ಲುದೊವೀಕಾ ತಟ್ಟನೆ ಪುಸ್ತಕ ತೆಗೆದು ಬರೆದುಕೊಂಡಳು.

“ಎಲ್ಲರೂ ಮೊಗ್ಗು ಕೀಳ್ತಾರಂತೆ ಇಲ್ಲಿ. ನೀವು ಯಾಕೆ ಕೀಳಲ್ಲ?”

ಒನೋಫ್ರಿಯೊ ಎದ್ದು ಕೂತ. ಮಿಲಾನಿನ ಹೆಂಗಸು, ಬೆಳಗಿನ ತಂಪು ಹೊತ್ತು, ತನ್ನ ಬಗ್ಗೆ ಕೇಳುತ್ತಿದ್ದಾಳೆ. ಇಂಥ ಸಮಯದಲ್ಲಿ ಅವನ ನಾಲಿಗೆ ಮಾತ್ರ ಎಂದೂ ಸೋಮಾರಿಯಾದದ್ದಿಲ್ಲ. “ಮೊಗ್ಗಿಗೂ ಒಂದು ಆಸೆ ಅಂತ ಇರುತ್ತಲ್ವಾ?” ಎಂದ, ದೂರದ ಸಮುದ್ರ ನೋಡುತ್ತಾ.

ಗೋಡೆಯ ಈಚೆ ಅಗತೀನಾ ಕೆಮ್ಮಿದಳು. ಲುದೊವೀಕಾ ಆಗ ತಿರುಗಿ, ಅವಳ ಸೊಂಟಕ್ಕೆ ಕಟ್ಟಿದ್ದ ಚೀಲದೊಳಗೆ ಇಣುಕಿದಳು. ಮುಖ ಬಾಡಿತು.

“ನೀವು… ಕೀಳ್ತೀರಾ?”

“ಕೀಳ್ತೀನಿ.”

“ಎಲ್ಲಾನೂ?”

“ಮತ್ತಿನ್ನೇನು? ಅರ್ಧ ಕಿತ್ತು ಇನ್ನರ್ಧದ ಹತ್ರ ಕ್ಷಮೆ ಕೇಳ್ಕೊಂಡು ಬರಬೇಕಿತ್ತಾ?”

“ಅಲ್ಲ ಸಿಗ್ನೋರಾ, ಅರಳೋಕೆ ಮುಂಚೇನೇ… ಹೇಗೆ ಮನಸ್ಸು ಬರುತ್ತೆ?”

“ಮನಸ್ಸು ಬರಲ್ಲ. ಬೆಳಿಗ್ಗೆ ನಾಲ್ಕೂವರೆ ಅಷ್ಟೆ ಬರುತ್ತೆ. ಎದ್ದು ಬರ್ತೀನಿ.”

ಅಂದು ಸಂಜೆ ಮಿಮ್ಮಾಳ ಮನೆಯಲ್ಲಿ ಅಡುಗೆ ಅಗತೀನಾಳದೇ. ಟೊಮೇಟೊ, ಕೇಪರ್ ಹಾಕಿದ ಸ್ಪಗೆಟ್ಟಿಯನ್ನು ಲುದೊವೀಕಾ ಎರಡು ತಟ್ಟೆ ಉಂಡಳು. ಕಣ್ಣು ಮುಚ್ಚಿ ‘ಏನು ಘಮ! ಸಮುದ್ರಾನೇ ನುಂಗಿದ ಹಾಗಿದೆ’ ಎಂದಳು.

“ಇನ್ನೊಂದು ಚೂರು ಮೊಗ್ಗು ಹಾಕ್ಲಾ? ಪಾಪ, ಇವಕ್ಕೂ ಆಸೆ ಇತ್ತೋ ಏನೋ” ಎಂದಳು ಅಗತೀನಾ.

“ಹಾಕಿ, ಹಾಕಿ,” ಎಂದಳು ಲುದೊವೀಕಾ, ತಟ್ಟೆಯಿಂದ ತಲೆಯೆತ್ತದೆ.

ತಿಂಗಳ ಕೊನೆಗೆ ಪತ್ರಿಕೆ ಬಂತು. ‘ಕೀಳಲು ಒಲ್ಲದ ಮನುಷ್ಯ’ ಎಂದು ತಲೆಬರಹ, ಎರಡು ಪುಟದ ತುಂಬ ಹೂ, ಹೂಗಳ ನಡುವೆ ಅಂಜೂರದ ಮರಕ್ಕೊರಗಿದ ಒನೋಫ್ರಿಯೊ. ಬಾರಿನಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ‘ಲಾಭದ ಲೋಕಕ್ಕೆ ಬೆನ್ನು ಹಾಕಿ ಮಲಗಿದ ಸಂತ’ ಎಂಬ ಸಾಲು ಬಂದಾಗ ಅಗತೀನಾ ತಲೆಯಾಡಿಸಿದಳು. “ಮಲಗಿದ್ದಂತೂ ನಿಜ. ಅಷ್ಟಾದ್ರೂ ಸರಿಯಾಗಿ ಬರೆದಿದ್ದಾಳೆ.”

ಜುಲೈ ಮೊದಲ ವಾರದಿಂದ ಪ್ರತಿ ಹಡಗಿನಲ್ಲೂ ಹೂಪ್ರೇಮಿಗಳು ಇಳಿಯತೊಡಗಿದರು. ಊರಿನ ಪ್ರವಾಸಿ ಸಮಿತಿಗೆ ಅಧ್ಯಕ್ಷನೆಂದರೆ ಔಷಧಿ ಅಂಗಡಿಯವನು. ನಿನ್ನೆಯವರೆಗೆ ಒನೋಫ್ರಿಯೊನನ್ನು ಊರಿಗೆ ಅವಮಾನ ಎನ್ನುತ್ತಿದ್ದವನು ಅವನಿಗೊಂದು ಹುಲ್ಲಿನ ಟೋಪಿ, ಕಸೂತಿಯ ತೋಳಿಲ್ಲದ ಕೋಟು ಹೊಲಿಸಿಕೊಟ್ಟ. ‘ಅರಳುವ ತೋಟ’ ಎಂಬ ಹಲಗೆ ಬರೆಸಿದ. ಒನೋಫ್ರಿಯೊ ತನ್ನ ಕಡೆ ದಾರಿಯನ್ನೇ ಕಡಿದಿರಲಿಲ್ಲವಾದ್ದರಿಂದ ಬಂದವರೆಲ್ಲ ಅಗತೀನಾಳ ಹಂತಗಳನ್ನು ಹತ್ತಿಯೇ ಹೋಗಬೇಕಿತ್ತು. ಬಾಣದ ಗುರುತನ್ನೂ ಅವಳ ಗೋಡೆಗೇ ಬಳಿದರು.

ಹೀಗೆ, ತನ್ನ ತೋಟದಲ್ಲಿ ತಾನು ಬಗ್ಗಿ ಕೆಲಸ ಮಾಡುತ್ತಿದ್ದ ಅಗತೀನಾ ದಿನಕ್ಕೆ ನಲವತ್ತು ಜನರಿಂದ ಬುದ್ಧಿ ಹೇಳಿಸಿಕೊಳ್ಳುವಂತಾಯಿತು. ಒಬ್ಬರು ಮುದುಕರು ಟೋಪಿ ತೆಗೆದು, ‘ಅಮ್ಮಾ, ಒಂದು ಸಾಲನ್ನಾದರೂ ಬದುಕೋಕೆ ಬಿಡಿ’ ಎಂದು ವಿನಂತಿಸಿದರು. ಒಬ್ಬ ತರುಣಿ ಅವಳ ಬುಟ್ಟಿಯ ಮುಂದೆ ನಿಂತು ಕಣ್ಣೊರೆಸಿಕೊಂಡಳು. ಅಗತೀನಾ ಅವಳಿಗೆ ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟು, “ಬಿಸಿಲಿಗೆ ಹಾಗಾಗುತ್ತೆ ಕಣಮ್ಮ, ತಲೆಗೆ ಬಟ್ಟೆ ಕಟ್ಕೊ” ಎಂದಳು.

ಅದನ್ನೂ ಸಹಿಸಿಕೊಂಡಾಳು. ಆದರೆ ಒಂದು ಸಂಜೆ ಮಿಮ್ಮಾ ಬಂದು ಕೈ ಹಿಸುಕಿಕೊಳ್ಳುತ್ತಾ ನಿಂತಳು.

“ಅಮ್ಮಾ, ಸಿಟ್ಟಾಗಬೇಡ. ಗೆಸ್ಟುಗಳು ಬರೋ ಹೊತ್ತಲ್ಲಿ ನೀನು ಸ್ವಲ್ಪ… ಕೀಳದೇ ಇರ್ತೀಯಾ? ಇಲ್ಲಾಂದ್ರೆ ಗೋಡೆ ಹಿಂದೆ ಕೂತ್ಕೊಂಡು ಕೀಳು. ಅವರಿಗೆ ನೋಡೋಕಾಗಲ್ವಂತೆ.”

“ಯಾರಿಗೆ?”

“ಅವರಿಗೆ.”

“ನಿನ್ನನ್ನ ಓದಿಸಿದ್ದು ಯಾವುದ್ರಿಂದ, ಹೂವಿಂದ್ಲಾ ಮೊಗ್ಗಿಂದ್ಲಾ?”

“ಗೊತ್ತಮ್ಮಾ. ಅದಕ್ಕೇ ಗೋಡೆ ಹಿಂದೆ ಅಂದೆ.”

ಆಮೇಲೆ ಅಗತೀನಾ, ಸ್ವಂತ ಭೂಮಿಯಲ್ಲಿ, ಸ್ವಂತ ಗಿಡಗಳಿಂದ, ಗೋಡೆಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕಳ್ಳಿಯ ಹಾಗೆ ಮೊಗ್ಗು ಬಿಡಿಸಿದಳು. ಹೆಜ್ಜೆ ಸಪ್ಪಳವಾದಾಗ ಚೀಲವನ್ನು ಲಂಗದಡಿ ಸರಿಸುತ್ತಿದ್ದಳು. ಮೊದಲ ದಿನ ತನ್ನ ಕೈ ಹಾಗೆ ತಾನಾಗಿಯೇ ಸರಿದದ್ದನ್ನು ಕಂಡು ಅವಳಿಗೆ ಬಂದ ಸಿಟ್ಟು, ರಾತ್ರಿ ಊಟಕ್ಕೆ ಕೂತಾಗಲೂ ಇಳಿದಿರಲಿಲ್ಲ.

ಅತ್ತ ಸಂತನಿಗೂ ಕಷ್ಟಕಾಲ ಶುರುವಾಗಿತ್ತು. ಕೇಪರ್ ಹೂ ಸಂಜೆ ಅರಳುತ್ತದೆ, ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆಲ್ಲ ಒದ್ದೆ ಬಟ್ಟೆಯ ಚೂರಿನಂತೆ ಜೋತುಬೀಳುತ್ತದೆ. ಹಡಗು ಬರುವುದು ಹನ್ನೊಂದಕ್ಕೆ. ಜೋತುಬಿದ್ದ ಹೂ ಕಂಡವರು ಸಮಿತಿಗೆ ದೂರು ಕೊಟ್ಟರು. ಸಮಿತಿ ನಸುಕಿನ ಐದೂವರೆಗೆ ಒಂದು ಸುತ್ತು, ಸಂಜೆ ಆರಕ್ಕೆ ಇನ್ನೊಂದು ಸುತ್ತು ಎಂದು ಗೊತ್ತುಮಾಡಿತು. ನಡುವೆ ಬಾಡಿದ್ದನ್ನು ಒಂದೊಂದಾಗಿ ಚಿವುಟಿ ತೆಗೆಯಬೇಕು, ಕೆಳಗಿನ ತೊಟ್ಟಿಯಿಂದ ನೀರು ಹೊರಬೇಕು, ಹಂತ ಗುಡಿಸಬೇಕು, ಟೋಪಿ ಹಾಕಿಕೊಂಡು ನಗಬೇಕು. ಐವತ್ತನಾಲ್ಕು ವರ್ಷ ಕೆಲಸವನ್ನು ತಪ್ಪಿಸಿಕೊಂಡು ಓಡಾಡಿದವನ ಮನೆಬಾಗಿಲಿಗೇ ಕೆಲಸ ಕೋಟು ಹೊಲಿಸಿಕೊಂಡು ಬಂದಿತ್ತು.

“ಏನು ಮೈದುನಾ, ಬೆಳಿಗ್ಗೆ ಬೆಳಿಗ್ಗೆ ಎದ್ದುಬಿಟ್ಟಿದ್ದೀಯ? ಯಾರಾದ್ರೂ ಸತ್ತರಾ?” ಎಂದು ಅಗತೀನಾ ಗೋಡೆಯ ಮರೆಯಿಂದ ಕೇಳುವಳು.

“ಇನ್ನೂ ಇಲ್ಲ ಅತ್ತಿಗೆ. ಸಾಯ್ತಾ ಇದೀನಿ,” ಎನ್ನುವನು ಅವನು, ಎರಡು ಬಕೆಟ್ ಹೊತ್ತುಕೊಂಡು.

ನಿಜವಾದ ಆಪತ್ತು ಬಂದದ್ದು ಜುಲೈ ಕೊನೆಗೆ. ಕೀಳುತ್ತಿದ್ದರೆ ಕೇಪರ್ ಗಿಡ ಮತ್ತೆ ಮತ್ತೆ ಮೊಗ್ಗು ಬಿಡುತ್ತದೆ. ಬಿಟ್ಟರೆ ಅರಳುತ್ತದೆ, ಕಾಯಿ ಕಟ್ಟುತ್ತದೆ, ತನ್ನ ಕೆಲಸ ಮುಗಿಯಿತೆಂದು ಸುಮ್ಮನಾಗುತ್ತದೆ. ಇದು ದ್ವೀಪದ ಪ್ರತಿಯೊಬ್ಬರಿಗೂ ಗೊತ್ತಿದ್ದ ಸಂಗತಿ. ಒನೋಫ್ರಿಯೊನಿಗೂ ಗೊತ್ತಿರಬೇಕಿತ್ತು, ಆದರೆ ಜುಲೈ ಕೊನೆಯಲ್ಲಿ ಅವನು ತನ್ನ ತೋಟವನ್ನು ಎಂದೂ ಎಚ್ಚರವಾಗಿದ್ದು ನೋಡಿದವನಲ್ಲ. ಏಳೂ ಹಂತದಲ್ಲಿ ಈಗ ತೊಂಡೆಕಾಯಿಯಂಥ ಪುಟ್ಟ ಕಾಯಿಗಳು ತೂಗುತ್ತಿದ್ದವು. ಹೂ ಹುಡುಕಿದರೆ ಹತ್ತು ಸಿಗುತ್ತಿದ್ದವು.

ಅದೇ ವಾರ ಔಷಧಿ ಅಂಗಡಿಯವನು ಸುದ್ದಿ ತಂದ. ಲುದೊವೀಕಾ ತನ್ನ ಹೂದೋಟದ ಸಂಘದ ಹದಿನಾಲ್ಕು ಜನರನ್ನು ಕರೆದುಕೊಂಡು ಬರುತ್ತಿದ್ದಾಳೆ, ಬರುವ ಭಾನುವಾರ.

ಒನೋಫ್ರಿಯೊ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಗತೀನಾಳ ಅಡುಗೆಮನೆಗೆ ಬಂದ. ಅವಳು ಉಪ್ಪು ತುಂಬಿದ ಮರದ ತೊಟ್ಟಿಯಲ್ಲಿ ಮೊಳಕೈವರೆಗೆ ಕೈಯಿಟ್ಟು ಮೊಗ್ಗು ಮಗುಚುತ್ತಿದ್ದಳು.

“ಅತ್ತಿಗೆ, ನೀವೇ ಕಾಪಾಡಬೇಕು.”

“ಸಂತರನ್ನ ಕಾಪಾಡೋಕೆ ನಾನ್ಯಾರು?”

“ಹಂಗಿಸಬೇಡಿ. ನನ್ನ ಕಡೆ ಹೂ ಮುಗಿದೋಯ್ತು. ನಿಮ್ಮ ಗಿಡದ ತುಂಬ ಮೊಗ್ಗಿದೆ. ಒಂದು ನಾಲ್ಕು ದಿನ… ಕೀಳದೇ ಇದ್ದುಬಿಡಿ. ಭಾನುವಾರಕ್ಕೆ ಎಲ್ಲ ಅರಳಿರುತ್ತೆ.”

ಅಗತೀನಾ ತೊಟ್ಟಿಯಿಂದ ಕೈ ತೆಗೆದಳು. “ಏನಂದೆ?”

“ನಾಲ್ಕೇ ದಿನ.”

“ನಲವತ್ತು ವರ್ಷ ನನ್ನ ತೋಟದಲ್ಲಿ ನಾಲ್ಕು ಹೂ. ಅದನ್ನೇ ನಿಮ್ಮಮ್ಮ ಸಾಯೋವರೆಗೂ ಅಂತಿದ್ರು. ಈಗ ಏಳು ಹಂತ ಪೂರ್ತಿ ಅರಳಿಸು ಅಂತೀಯ? ಗೋರಿಯಿಂದ ಎದ್ದು ಬರ್ತಾರೆ.”

“ಅತ್ತಿಗೆ, ನಾಲ್ಕು ಜನರ ಮುಂದೆ ಮರ್ಯಾದೆ ಹೋಗುತ್ತೆ.”

ಮರ್ಯಾದೆ ಎಂಬ ಮಾತು ಅವನ ಬಾಯಿಂದ ಬಂದದ್ದು ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ. ಆದರೆ ಅವನ ಕೈ ನೋಡಿದಳು. ಬಕೆಟ್ ಹೊತ್ತು ಬೊಬ್ಬೆ ಎದ್ದಿತ್ತು, ಮುಳ್ಳು ತರಚಿತ್ತು. ಹುಟ್ಟಿದ ಮೇಲೆ ಮೊದಲ ಸಲ ಆ ಕೈಗಳು ಒಬ್ಬ ದ್ವೀಪದವನ ಕೈಗಳ ಹಾಗೆ ಕಾಣುತ್ತಿದ್ದವು.

“ಒಂದು ಷರತ್ತು,” ಎಂದಳು. “ಸೋಮವಾರದಿಂದ ಸೀಸನ್ ಮುಗಿಯೋವರೆಗೆ ದಿನಾ ಬೆಳಿಗ್ಗೆ ಐದಕ್ಕೆ ನನ್ನ ಜೊತೆ ಕೀಳೋಕೆ ಬರಬೇಕು. ನಿನ್ನ ಕಡೆಯ ಕಾಯಿಗಳನ್ನೂ ಕಿತ್ತು ಉಪ್ಪಿಗೆ ಹಾಕಬೇಕು. ಬೆನ್ನು, ಗಾಳಿ, ಸಂತರ ಹಬ್ಬ ಯಾವುದೂ ನಡೆಯಲ್ಲ.”

ಒನೋಫ್ರಿಯೊ ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದ. “ಐದೂವರೆ?” ಎಂದ.

“ಐದು.”

ಗುರುವಾರ ಅಗತೀನಾ ತೋಟಕ್ಕೆ ಹೋಗಲಿಲ್ಲ. ಶುಕ್ರವಾರವೂ ಇಲ್ಲ. ಪಕ್ಕದ ಮನೆಯವಳು ಒಂದು ಪಾತ್ರೆ ಕೋಳಿ ಸಾರು ತಂದಿಟ್ಟು ಹಣೆ ಮುಟ್ಟಿ ನೋಡಿದಳು. ಶನಿವಾರ ಪಾದ್ರಿಗಳೇ ಬಂದು, ಮನಸ್ಸಿಗೇನಾದರೂ ಬೇಜಾರಾಗಿದೆಯೇ ಎಂದು ಮೆಲ್ಲಗೆ ವಿಚಾರಿಸಿದರು. ಹಡಗಿನಲ್ಲಿ ಕೆಲಸ ಮಾಡುವ ಅವಳ ಗಂಡ ರೊಸಾರಿಯೊ ಮೆಸ್ಸೀನಾ ಬಂದರಿನಿಂದ ಫೋನು ಮಾಡಿದ.

“ಏನೇ, ಹುಷಾರಾಗಿದೀಯಾ? ಇಲ್ಲಿ ಎಲ್ರೂ ಮಾತಾಡ್ತಾ ಇದಾರೆ, ನಮ್ಮ ತೋಟದಲ್ಲಿ ಹೂ ಬಿಟ್ಟಿದೆಯಂತೆ.”

“ಬಿಟ್ಟಿದೆ. ನಿಮ್ಮ ತಮ್ಮನಿಗೆ ಸಾಲ ಕೊಟ್ಟಿದೀನಿ.”

“ಹೂವನ್ನಾ?”

“ಹೂವನ್ನೇ. ಫೋನಿಡಿ, ಬಂದಾಗ ಹೇಳ್ತೀನಿ.”

ಅಂದು ಸಂಜೆ, ಎಷ್ಟು ಹಾಳಾಗಿದೆ ನೋಡೋಣ ಎಂದು ಅವಳು ತೋಟಕ್ಕೆ ಇಳಿದಳು. ಗೋಡೆಯ ಮೇಲೆ ಕೂತಳು. ಸಮುದ್ರದ ಕಡೆಯಿಂದ ತಣ್ಣನೆಯ ಗಾಳಿ ಬಂತು. ಕಾಲಿನ ಬಳಿಯ ಗಿಡದಲ್ಲಿ ಉಬ್ಬಿಕೊಂಡಿದ್ದ ಒಂದು ಮೊಗ್ಗು ಸಣ್ಣಗೆ ನಡುಗಿತು, ಒಂದು ಮಗ್ಗುಲು ಸಡಿಲಾಯಿತು, ಇಸ್ತ್ರಿ ಇಲ್ಲದ ಕರವಸ್ತ್ರದಂತೆ ಸುಕ್ಕುಸುಕ್ಕಾದ ಬಿಳಿ ಎಸಳೊಂದು ಹೊರಬಂತು. ಆಮೇಲೆ ಇನ್ನೊಂದು. ಆಮೇಲೆ ಆ ನೇರಳೆ ಎಳೆಗಳು ಎಲ್ಲ ಒಟ್ಟಿಗೆ ಎದ್ದು ನಿಂತವು. ಅವಳು ಕದಲದೆ ನೋಡಿದಳು. ನಲವತ್ತು ವರ್ಷ ಮೈದುನನ ಕಡೆ ಇಣುಕಿದ್ದು ಬೈಯಲಿಕ್ಕೆ ಮಾತ್ರ. ಸಂಜೆ ಹೊತ್ತು ಅವಳು ಯಾವತ್ತೂ ಒಲೆಯ ಮುಂದೆ. ಇದು ಹೀಗೆ ಅರಳುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅವರನ್ನೂ ಬೈಯುತ್ತಿದ್ದಳು.

“ಥೂ, ಹಾಳಾದ್ದು, ಚೆನ್ನಾಗಿದೆ,” ಎಂದಳು, ಯಾರೂ ಇಲ್ಲದ್ದನ್ನು ನೋಡಿಕೊಂಡು.

ಕತ್ತಲಾಗುವಾಗ ಮಿಮ್ಮಾ ಹುಡುಕಿಕೊಂಡು ಬಂದಳು. “ಅಮ್ಮಾ! ಗೆಸ್ಟುಗಳು ಊಟಕ್ಕೆ ಕೂತಿದಾರೆ, ಒಲೇನೇ ಹಚ್ಚಿಲ್ಲ! ಏನ್ ಮಾಡ್ತಾ ಇದೀಯ ಇಲ್ಲಿ?”

ಅಗತೀನಾ ಗಡಬಡಿಸಿ ಗೋಡೆಯಿಂದ ಇಳಿದಳು. ಹೂ ನೋಡುತ್ತಿದ್ದೆ ಎಂದು ಹೇಳಲಿಕ್ಕಾಗುತ್ತದೆಯೇ?

“ಬೆನ್ನು ನೋವು,” ಎಂದಳು.

ಭಾನುವಾರ ನಸುಕಿನಲ್ಲಿ ಹದಿನೈದು ಟೋಪಿಗಳು ಸಾಲಾಗಿ ಬಂದವು. ಒನೋಫ್ರಿಯೊ ಅವರನ್ನು ಅಗತೀನಾಳ ಹಂತಗಳಲ್ಲೇ ನಿಲ್ಲಿಸಿಕೊಂಡ. ಏಳೂ ಹಂತ ಬೆಳ್ಳಗಾಗಿ, ಜೇನುಹುಳಗಳ ಝೇಂಕಾರಕ್ಕೆ ಮಾತೇ ಕೇಳುತ್ತಿರಲಿಲ್ಲ. ಅವನ ತೋಟ ಒಳ್ಳೆಯ ವರ್ಷದಲ್ಲೂ ಹೀಗೆ ಅರಳಿದ್ದಿಲ್ಲ.

“ನಮ್ಮ ಅತ್ತಿಗೆ ಮೊದಲು ಹೀಗಿರಲಿಲ್ಲ,” ಎಂದು ಅವನು ಕೋಟು ಸರಿಮಾಡಿಕೊಂಡ. “ಮೊಗ್ಗು ಕಂಡ್ರೆ ಸಾಕು, ಕೈ ಹಾಕೋರು. ನಾನೇ ದಿನಾ ಕೂತು ಹೇಳಿ, ಹೇಳಿ, ಹೇಳಿ…”

ಅಗತೀನಾ ಅವನತ್ತ ನೋಡಿದ ನೋಟಕ್ಕೆ ಮಾತು ಅಲ್ಲಿಗೇ ನಿಂತಿತು. ಲುದೊವೀಕಾ ಮಾತ್ರ ಓಡಿಬಂದು ಅವಳನ್ನು ಬಿಗಿಯಾಗಿ ತಬ್ಬಿಕೊಂಡಳು. ಭೂತಗನ್ನಡಿ ಅಗತೀನಾಳ ಎದೆಗೆ ಒತ್ತಿತು.

“ನೀವು ಬದಲಾಗಿಬಿಟ್ರಿ! ಹೇಳಿ ಸಿಗ್ನೋರಾ, ಯಾವುದು ನಿಮ್ಮ ಮನಸ್ಸು ಕರಗಿಸಿದ್ದು?”

“ಮನಸ್ಸೇನೂ ಕರಗಿಲ್ಲ,” ಎಂದಳು ಅಗತೀನಾ. “ಅವನ ಕಡೆ ಹೂ ಮುಗಿದುಹೋಗಿತ್ತು. ಕೀಳದೇ ಬಿಟ್ರೆ ಗಿಡ ಕಾಯಿ ಕಟ್ಕೊಂಡು ಕೂತುಬಿಡುತ್ತೆ. ಮೊನ್ನೆಯವರೆಗೆ ನಾನು ಕಿತ್ತಿದ್ದಕ್ಕೇ ಇವತ್ತು ಇಷ್ಟು ಹೂ ಇದೆ. ನಾಳೆ ಬೆಳಿಗ್ಗೆಯಿಂದ ಮತ್ತೆ ಕೀಳ್ತೀನಿ.”

ಲುದೊವೀಕಾಳ ಕಣ್ಣಲ್ಲಿ ನೀರು ತುಂಬಿತು. ಅವಳು ಸಂಗಡಿಗರ ಕಡೆ ತಿರುಗಿ, “ಕೇಳಿದ್ರಾ?” ಎಂದಳು. “ಎಂಥ ವಿನಯ!” ಹದಿನಾಲ್ಕು ಜನ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ಮಿಮ್ಮಾಳ ಮನೆಗೆ ಹೋಗಿ, ಎಣ್ಣೆ, ಟೊಮೇಟೊ, ಕೇಪರ್ ಹಾಕಿದ ಬ್ರೆಡ್ಡನ್ನು ಮೂರು ಸಲ ಕೇಳಿ ಹಾಕಿಸಿಕೊಂಡರು.

ಸೋಮವಾರ ಐದಕ್ಕೆ ಒನೋಫ್ರಿಯೊ ಬಂದ. ಐದೂ ಕಾಲು ಎನ್ನಿ. ಮೊದಲ ಸಾಲು ಮುಗಿಸುವಷ್ಟರಲ್ಲಿ ದೇವರ ತಾಯಿಯನ್ನು ಹನ್ನೊಂದು ಸಲ ಕರೆದ. ಆದರೆ ಮಾರನೆಯ ದಿನವೂ ಬಂದ, ಅದರ ಮಾರನೆಯ ದಿನವೂ. ವಾರದ ಕೊನೆಗೆ ಅವನೇ ಒಪ್ಪಿಕೊಂಡ. “ಇದೇ ವಾಸಿ ಅತ್ತಿಗೆ. ಇಲ್ಲಿ ಕೀಳ್ತಾ ಕೀಳ್ತಾ ನಗಬೇಕು ಅಂತ ಇಲ್ಲ.”

“ನಕ್ಕರೆ ಬೇಡ ಅನ್ನಲ್ಲ.”

“ಆ ಹೂವಿನೋರು ಏನ್ ಕೇಳ್ತಾರೆ ಗೊತ್ತಾ? ನಿಮ್ಮನ್ನ ಗಿಡ ಮಾತಾಡಿಸುತ್ತಾ ಅಂತಾರೆ. ದಿನಾ. ಏನಂತ ಹೇಳೋದು?”

“ಹೌದು, ‘ಎದ್ದೇಳೋ’ ಅನ್ನುತ್ತೆ ಅಂತ ಹೇಳಬೇಕಿತ್ತು.”

ಮುಂದಿನ ಬೇಸಿಗೆಗೆ ಲುದೊವೀಕಾ ಸಾರ್ಡಿನಿಯಾದ ಕಡೆ ಹೋದಳು. ಅಲ್ಲಿ ಯಾರೋ ತನ್ನ ಹೊಲದ ಮುಳ್ಳುಗಿಡಗಳನ್ನು ಕಡಿಯಲು ಒಲ್ಲೆ ಎನ್ನುತ್ತಾನಂತೆ. ಒನೋಫ್ರಿಯೊ ತನ್ನ ಮೇಲಿನ ನಾಲ್ಕು ಹಂತಗಳನ್ನು ಮೇ ತಿಂಗಳಿಂದಲೇ ಒಂದು ಮೊಗ್ಗು ಬಿಡದೆ ಕೀಳತೊಡಗಿದ. ಹೂ ಕಂಡರೆ ಜನ ಬರುತ್ತಾರೆ, ಜನ ಬಂದರೆ ಕೆಲಸ ಬರುತ್ತದೆ; ಸೋಮಾರಿಯಾಗಿ ಉಳಿಯಬೇಕೆಂದರೆ ಕೀಳುವುದೇ ದಾರಿ ಎಂಬುದು ಅವನ ಲೆಕ್ಕಾಚಾರ. ಕೆಳಗಿನ ಮೂರನ್ನು ಕಾಯಿಗೆಂದು ಬಿಟ್ಟ. ಊರಿನವರು ಅವನನ್ನು ನೋಡಲೆಂದೇ ಸಂಜೆ ಆ ಕಡೆ ವಾಕಿಂಗ್ ಹೋಗುತ್ತಿದ್ದರು.

ಜೂನಿನ ಒಂದು ಸಂಜೆ ಪಕ್ಕದ ಮನೆಯವಳು ಅಗತೀನಾಳ ಬಾಗಿಲಿಗೆ ಬಂದು ದನಿ ತಗ್ಗಿಸಿದಳು.

“ಅಗತೀನಾ, ತಪ್ಪು ತಿಳ್ಕೋಬೇಡ. ನಿಮ್ಮ ನೀರಿನ ತೊಟ್ಟಿ ಹಿಂದೆ, ಹೊರಗೆ ಕಾಣದ ಕಡೆ, ಒಂದು ಗಿಡ ಪೂರ್ತಿ ಹೂ ಬಿಟ್ಟಿದೆ. ಎದುರಿಗೆ ಒಂದು ಕುರ್ಚೀನೂ ಇದೆ.”

ಅಗತೀನಾ ಕಣ್ಣು ಮಿಟುಕಿಸಲಿಲ್ಲ.

“ಅಯ್ಯೋ, ಅದು ನಮ್ಮ ಮೈದುನಂದು ಕಣೆ,” ಎಂದಳು. “ಅವನ ಕತೆ ನಿಂಗೆ ಗೊತ್ತಲ್ಲ.”